ಬರಗಾಲದಲ್ಲಿ ನೀನೆಲ್ಲಿದ್ದೆ? — ರಾಮಧಾನ್ಯ ಚರಿತೆಯ ಸಂವಾದ ಮತ್ತು ವರ್ತಕನ ಹೊಣೆ

ಕೆಲವು ವರ್ಷಗಳ ಕೆಳಗೆ ಮಾನ್ವಿಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮಕ್ಕಳು ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಆಧರಿಸಿದ ಪುಟ್ಟ ನಾಟಕವೊಂದನ್ನು ಆಡಿದರು. ಬಿಳಿಯ ರೇಷ್ಮೆ ಅಂಗಿ ತೊಟ್ಟ ಹುಡುಗನದು ನೆಲ್ಲಿನ ಪಾತ್ರ. ಕಂಬಳಿ ಹೊದ್ದ ಹುಡುಗಿಯದು ನರೆದಲೆಗನ, ಅಂದರೆ ರಾಗಿಯ ಪಾತ್ರ. ರಾಗಿ ನಮ್ಮ ಸೀಮೆಯ ಬೆಳೆಯಲ್ಲವಾದ್ದರಿಂದ ನಾಟಕ ಕಲಿಸಿದ ಗುರುಗಳು ಆ ಪಾತ್ರವನ್ನು ಜಾಣ್ಮೆಯಿಂದ ಜೋಳವಾಗಿ ಬದಲಿಸಿದ್ದರು. ನೆಲ್ಲು ಜೋಳವನ್ನು ಹೀಯಾಳಿಸಿದಾಗ ಮುಂದಿನ ಕುರ್ಚಿಗಳಲ್ಲಿ ಕುಳಿತಿದ್ದ ವರ್ತಕರಾದ ನಾವು ಗಟ್ಟಿಯಾಗಿ ನಕ್ಕೆವು. ಹಿಂದೆ ನೆಲದ ಮೇಲೆ ಕುಳಿತಿದ್ದವರು ಹಮಾಲರ, ಕೂಲಿಕಾರರ ಮನೆಯವರು. ಅವರು ನಗಲಿಲ್ಲ. ಆ ಬಳಿಕ ಕಂಬಳಿಯ ಹುಡುಗಿ ಬರಗಾಲದ ಮಾತೆತ್ತಿದಳು. ಆಗ ಅವರು ಚಪ್ಪಾಳೆ ತಟ್ಟಿದರು, ನಾವು ಸುಮ್ಮನಾದೆವು. ಆ ನಗೆಯೂ ಆ ಮೌನವೂ ನನ್ನನ್ನು ಬಹುಕಾಲ ಕಾಡಿದವು. ಪ್ರಕೃತ ಲೇಖನಕ್ಕೆ ಅದೇ ಪ್ರೇರಣೆ.

ಕನಕದಾಸರು ಹದಿನಾರನೆಯ ಶತಮಾನದವರು; ಇಂದಿನ ಹಾವೇರಿ ಜಿಲ್ಲೆಯ ಬಾಡ ಗ್ರಾಮದಲ್ಲಿ ಕುರುಬ ಕುಲದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನ ಭಕ್ತರಾದವರು. ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರಗಳೊಡನೆ ಅವರು ಬರೆದ ಈ ಕಿರುಕಾವ್ಯ ಭಾಮಿನೀ ಷಟ್ಪದಿಯಲ್ಲಿದೆ. ನಮ್ಮ ಸೀಮೆಯ ಕಿವಿಗೆ ಆ ಛಂದಸ್ಸು ಹೊಸದಲ್ಲ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರವೂ ಅದೇ ಭಾಮಿನಿಯಲ್ಲಿದೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಬೆಳೆಸಿದ ದಾಸಸಾಹಿತ್ಯದ ನೆಲ ಇದು. ಆದುದರಿಂದ ಕನಕರ ಕೃತಿ ನಮಗೆ ದೂರದ್ದಲ್ಲ.

ಹೆಸರಿಗೆ ಅದು ಕಾವ್ಯವಾದರೂ ಅದರ ಮೈಕಟ್ಟು ನಾಟಕದ್ದು. ರಾವಣವಧೆಯ ಬಳಿಕ ಮರಳುವ ದಾರಿಯಲ್ಲಿ ಶ್ರೀರಾಮನು ಋಷ್ಯಾಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಉತ್ತಮವಾವುದು ಎಂಬ ಪ್ರಶ್ನೆ ಹುಟ್ಟುತ್ತದೆ. ಗೌತಮ ಮುನಿಗಳು ನರೆದಲೆಗನನ್ನು ಎತ್ತಿ ಹಿಡಿಯುತ್ತಾರೆ. ತುಂಬಿದ ಸಭೆಯಲ್ಲಿ ವ್ರೀಹಿ, ಅಂದರೆ ನೆಲ್ಲು, ಇದನ್ನು ಸಹಿಸಲಾರದೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕವಿ ಹಿಂದೆ ಸರಿದು ಪಾತ್ರಗಳೇ ಮಾತಾಡುತ್ತವೆ.

ನೆಲ್ಲಿನ ವಾದವನ್ನು ಗಮನಿಸಬೇಕು. ತಾನು ದೇವರ ಪೂಜೆಗೆ, ಯಜ್ಞಕ್ಕೆ, ಮಂಗಳಕಾರ್ಯಗಳಿಗೆ ಸಲ್ಲುವವನು. ಉತ್ತಮ ಕುಲದವರು ತನ್ನನ್ನು ಉಣ್ಣುತ್ತಾರೆ. ನರೆದಲೆಗನನ್ನಾದರೋ ಶೂದ್ರರು ತಿನ್ನುತ್ತಾರೆ, ಆದುದರಿಂದ ಅವನು ತನಗೆ ಸಮನಲ್ಲ. ಇದರಲ್ಲಿ ರುಚಿಯ ಮಾತಿಲ್ಲ, ಸತ್ತ್ವದ ಮಾತಿಲ್ಲ, ಹಸಿವಿನ ಮಾತಂತೂ ಇಲ್ಲವೇ ಇಲ್ಲ. ಕಾಳಿನ ಯೋಗ್ಯತೆಯನ್ನು ಅದನ್ನುಣ್ಣುವವರ ಕುಲದಿಂದ ಅಳೆಯಲಾಗಿದೆ. ಬೈಗುಳ ಕಾಳಿಗೆ; ಗಾಯ ಮಾತ್ರ ಮನುಷ್ಯನಿಗೆ. ಮೇಲುಕುಲದ ವ್ಯಕ್ತಿಯೊಬ್ಬನ ಬಾಯಲ್ಲಿ ಈ ಮಾತುಗಳನ್ನು ಇಟ್ಟಿದ್ದರೆ ಕೇಳುವವರು ಕೆರಳುತ್ತಿದ್ದರು. ನೆಲ್ಲಿನ ಬಾಯಲ್ಲಿ ಇಟ್ಟದ್ದರಿಂದ ನಾವು ಮೊದಲು ನಗುತ್ತೇವೆ. ನಕ್ಕ ಮೇಲೆ ಅದು ನಮ್ಮದೇ ಧ್ವನಿ ಎಂದು ಗುರುತಿಸುತ್ತೇವೆ.

ನರೆದಲೆಗನು ಇದಕ್ಕೆ ಕೊಡುವ ಉತ್ತರ ಇನ್ನೂ ಮಹತ್ತ್ವದ್ದು. ತನ್ನ ಕುಲವೂ ದೊಡ್ಡದೆಂದು ಅವನು ವಂಶಾವಳಿ ಬಿಚ್ಚಲು ಹೋಗುವುದಿಲ್ಲ. ಪ್ರಶ್ನೆಯನ್ನೇ ಬದಲಿಸುತ್ತಾನೆ. ನೀನು ಸಿರಿವಂತರ ಬೆನ್ನು ಹತ್ತಿದವನು, ಬಡವರ ಕಡೆ ಕಣ್ಣೆತ್ತಿ ನೋಡದವನು ಎಂದು ಹೇಳುತ್ತಾನೆ. ಹೆಣದ ಬಾಯಿಗೆ ಹಾಕುವ ಅಕ್ಕಿಯೂ ನೀನೇ ಅಲ್ಲವೆ ಎಂದು ಚುಚ್ಚುತ್ತಾನೆ. ಕೊನೆಗೆ, ಮಳೆ ಹೋಗಿ ಕ್ಷಾಮ ಬಂದಾಗ ನೀನು ಎಲ್ಲಿರುವೆ, ಲೋಕವನ್ನು ಬದುಕಿಸಿದವರು ಯಾರು ಎಂದು ಕೇಳುತ್ತಾನೆ. ಹುಟ್ಟಿನ ಅಳತೆಗೋಲನ್ನು ಬದಿಗಿರಿಸಿ ಹೊಣೆಗಾರಿಕೆಯ ಅಳತೆಗೋಲನ್ನು ಸಭೆಯ ನಡುವೆ ನೆಟ್ಟದ್ದು ಈ ಸಂವಾದದ ಐತಿಹಾಸಿಕ ಸಾಧನೆ.

ಶ್ರೀರಾಮನು ಮಾತಿನಿಂದ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತೀರಿದಾಗ ನೆಲ್ಲು ಕಂದಿದೆ, ನರೆದಲೆಗ ಕುಂದಿಲ್ಲ. ರಾಘವನ ಹೆಸರು ಅವನಿಗೆ ಸಲ್ಲುತ್ತದೆ. ‘ರಾಗಿ’ ಎಂಬ ಮಾತಿಗೆ ಕವಿ ಕಲ್ಪಿಸಿದ ಮೂಲ ಅದು. ಸೋತ ನೆಲ್ಲನ್ನೂ ರಾಮನು ಸಂತೈಸುತ್ತಾನೆ. ಕಾಳಿನ ವ್ಯಾಪಾರಿಗಳಾದ ನಮಗೆ ಈ ಪರೀಕ್ಷೆ ಕೇವಲ ಕಥೆಯಲ್ಲ. ಅಕ್ಕಿಗೆ ಕೆಲವೇ ತಿಂಗಳಲ್ಲಿ ನುಸಿ ಬೀಳುವುದನ್ನು ಗೋದಾಮು ಇಟ್ಟವರೆಲ್ಲ ಬಲ್ಲರು. ಹಗೇವಿನಲ್ಲಿ ಜೋಪಾನವಾಗಿ ತುಂಬಿ ಬಾಯಿ ಮುಚ್ಚಿದ ರಾಗಿ ವರ್ಷಾನುಗಟ್ಟಲೆ ಕೆಡದೆ ಉಳಿಯುತ್ತದೆ. ನಮ್ಮ ಕಡೆ ಜೋಳವನ್ನೂ ಹಾಗೆಯೇ ಹಗೇವಿಗೆ ಇಳಿಸುತ್ತಿದ್ದರು. ಕನಕರು ಸೆರೆಮನೆ ಎಂದದ್ದನ್ನು ಒಕ್ಕಲಿಗರು ಹಗೇವು ಎಂದು ತಿಳಿದುಕೊಂಡಿರಬೇಕು.

ಇಷ್ಟಕ್ಕೂ ಜೋಳ ಯಾವಾಗಲೂ ‘ಕೀಳು’ ಕಾಳಾಗಿರಲಿಲ್ಲ. ಹಳಗನ್ನಡ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ‘ಜೋಳವಾಳಿ’ ಎಂಬ ಮಾತು ಬರುತ್ತದೆ. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣವನ್ನಾದರೂ ಕೊಡಬೇಕೆಂಬ ವೀರವ್ರತ ಅದು. ಅನ್ನದ ಋಣಕ್ಕೆ ಕನ್ನಡ ನಾಡು ಆರಿಸಿಕೊಂಡ ಹೆಸರು ಅಕ್ಕಿಯದಲ್ಲ, ಜೋಳದ್ದು. ಅಂತಹ ಕಾಳು ಕೂಲಿಯವರ ಕಾಳು ಎನಿಸಿಕೊಂಡದ್ದು ಕಾಳಿನ ದೋಷದಿಂದಲ್ಲ.

ನಮ್ಮ ಜಿಲ್ಲೆಯಲ್ಲಿ ಈ ವಾದ ಕಾವ್ಯದಿಂದ ಇಳಿದು ಹೊಲಕ್ಕೇ ಬಂತು. ಕೃಷ್ಣಾ–ತುಂಗಭದ್ರೆಗಳ ನಡುವಣ ಈ ದೋಆಬು ಪುರಾತನದಿಂದ ಜೋಳ, ಸಜ್ಜೆ, ನವಣೆ, ಹತ್ತಿಯ ನೆಲ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ ಎಡದಂಡೆ ಕಾಲುವೆಗೆ ನೀರು ಬಂದಿತು. ಬರದಿಂದ ಹೆಚ್ಚು ಜನರನ್ನು ಕಾಪಾಡಬೇಕೆಂಬ ಉದ್ದೇಶದಿಂದ ನೀರನ್ನು ತೆಳುವಾಗಿ ಹಂಚುವ ಯೋಜನೆ ಅದಾಗಿತ್ತು. ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂತಹ ಅರೆ ಖುಷ್ಕಿ ಬೆಳೆಗಳಿಗೆ ಮೀಸಲಿಡಲಾಗಿತ್ತು. ನೆಲ್ಲಿಗೆ ಇದ್ದದ್ದು ಸಣ್ಣ ಪಾಲು. ಆದರೆ ನೆಲ್ಲಿಗೆ ಬೆಲೆಯಿತ್ತು, ಗಿರಣಿಯಿತ್ತು, ಸಾಲ ಕೊಡುವ ಅಂಗಡಿಯಿತ್ತು. ಕಾಲುವೆಯ ಮೇಲುಭಾಗದಲ್ಲಿ ನೆಲ್ಲು ಹಬ್ಬಿತು. ಕೊನೆಯ ಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ಹೊಲಗಳಿಗೆ ನೀರು ಸಾಲದಾಯಿತು. ಕಾಲುವೆಯ ಅಂಚಿನಲ್ಲಿದ್ದವರ ಸೋನಾ ಮಸೂರಿ ಲಾರಿ ಏರಿ ದೂರದ ನಗರಗಳಿಗೆ ಹೋಯಿತು. ಕೃಷ್ಣೆಯ ಮಗ್ಗುಲಲ್ಲೇ ಇದ್ದರೂ ದೇವದುರ್ಗ ಬಹುಕಾಲ ಮಳೆಯನ್ನೇ ನಂಬಿತು; ನಾರಾಯಣಪುರ ಬಲದಂಡೆ ಕಾಲುವೆಯ ನೀರು ಅಲ್ಲಿಗೆ ಬಂದದ್ದು ಎಷ್ಟೋ ತಡವಾಗಿ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಈ ಹಂಚಿಕೆಯಲ್ಲಿ ರೈತರನ್ನಷ್ಟೇ ದೂಷಿಸಿ ಪ್ರಯೋಜನವಿಲ್ಲ. ಯಾವ ಕಾಳಿಗೆ ಮುಂಗಡ ಕೊಡಬೇಕು, ಯಾವುದನ್ನು ಅಂಗಡಿಯ ಮೂಲೆಗೆ ತಳ್ಳಬೇಕು ಎಂದು ನಿರ್ಧರಿಸಿದವರಲ್ಲಿ ಗಂಜಿನ ನಾವೂ ಇದ್ದೆವು.

ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ನಿವೇದಿಸಬೇಕು. 1972ರ ಬರಗಾಲದಲ್ಲಿ ನಾನು ಹನ್ನೆರಡು ವರ್ಷದ ಹುಡುಗ. ನಮ್ಮ ತಂದೆಯವರ ಕಾಳಿನ ಅಂಗಡಿಗೆ ದೇವದುರ್ಗದ ಕಡೆಯ ಹಳ್ಳಿಯಿಂದ ಹೆಣ್ಣುಮಗಳೊಬ್ಬಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. “ಎಪ್ಪಾ, ಎರಡು ಸೇರು ಜೋಳ ಉದ್ರಿ ಕೊಡ್ರಿ, ಕಾಮಗಾರಿ ಪಗಾರ ಆದಮ್ಯಾಲೆ ಮುಟ್ಟಸ್ತೀನಿ” ಎಂದಳು. ಗದ್ದಿಗೆಯ ಪಕ್ಕದಲ್ಲಿದ್ದ ನಾನು ದೊಡ್ಡವರಿಂದ ಕೇಳಿ ಕಲಿತ ಮಾತನ್ನು ಆಡಿದೆ: “ನುಸಿ ಹಿಡಿದದ್ದು ಒಂದು ಚೀಲ ಅದ, ಇವರಿಗೆ ಅದೇ ನಡೀತದ.” ತಂದೆಯವರು ನನ್ನನ್ನು ಹೊಡೆಯಲಿಲ್ಲ. ಒಳ್ಳೆಯ ಚೀಲದಿಂದ ಜೋಳ ಅಳೆದು ಅವಳ ಸೆರಗಿಗೆ ಹಾಕಿದರು, ಖಾತೆಯಲ್ಲಿ ಬರೆಯಲಿಲ್ಲ. ಅವಳು ಹೋದ ಮೇಲೆ ನುಸಿ ಹಿಡಿದ ಚೀಲದಿಂದ ಒಂದು ಸೇರು ತೆಗೆದು ಮನೆಗೆ ಕಳಿಸಿ, ಆ ರಾತ್ರಿ ನಮ್ಮೆಲ್ಲರಿಗೂ ಅದರದೇ ರೊಟ್ಟಿ ಮಾಡಿಸಲು ಹೇಳಿದರು. ಅಮ್ಮ ಕಾಳನ್ನು ಎಷ್ಟು ಹೊತ್ತು ಆರಿಸಿದರೂ ರೊಟ್ಟಿಯ ಕಹಿ ಹೋಗಿರಲಿಲ್ಲ. ತಂದೆಯವರು ಮೌನವಾಗಿ ಉಂಡು ಎದ್ದರು. ಹಾಗಿದ್ದೂ ಐವತ್ತು ವರ್ಷಗಳ ಬಳಿಕ ಶಾಲೆಯ ನಾಟಕದಲ್ಲಿ ನಾನು ನಕ್ಕೆನಲ್ಲ!

ಈ ನಗೆಗೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ, ಅದು ಮದ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ದೇಹ ಎಂಬ ಎಂಟು ಮದಗಳನ್ನು ಎಣಿಸಿದ್ದಾರೆ. ನೆಲ್ಲಿನ ಭಾಷಣವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಪೂಜೆ, ಕುಲ, ಜಾತಿ, ಋದ್ಧಿ ಈ ನಾಲ್ಕೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಸಮ್ಯಗ್ದರ್ಶನವುಳ್ಳವನು ಚಂಡಾಲನಾಗಿ ಹುಟ್ಟಿದ್ದರೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಬೆಳಗುವವನು ಎಂದು ಅದೇ ಆಚಾರ್ಯರು ಸಾರಿದ್ದಾರೆ. ಬಸದಿಯಲ್ಲಿ ಅಷ್ಟದ್ರವ್ಯದ ತಟ್ಟೆಯಲ್ಲಿ ನಾವು ಅಕ್ಷತೆಯನ್ನಿಡುತ್ತೇವೆ. ಅದು ಪೂಜಾಕ್ರಮ, ಅದರಲ್ಲಿ ದೋಷವಿಲ್ಲ. ಪೂಜೆಗೆ ಸಲ್ಲುವ ಕಾಳು ಹೆಚ್ಚು, ಹಸಿವಿಗೆ ಸಲ್ಲುವ ಕಾಳು ಕಡಿಮೆ ಎಂದು ತಟ್ಟೆ ಹಿಡಿದವನು ಭಾವಿಸಿದರೆ ಮಾತ್ರ ದೋಷ ಆರಂಭವಾಗುತ್ತದೆ.

ಕಾಲ ಈಗ ಕಾಳುಗಳ ಸ್ಥಾನವನ್ನೇ ಅದಲುಬದಲು ಮಾಡಿದೆ. ನಿನ್ನೆ ತೃಣಧಾನ್ಯವೆಂದು ಹೀಗಳೆದದ್ದಕ್ಕೆ ಇಂದು ಸಿರಿಧಾನ್ಯವೆಂಬ ಹೆಸರು. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಸಕ್ಕರೆ ಕಾಯಿಲೆಯ ವೈದ್ಯರ ಸಲಹೆಯಂತೆ ಸಿರಿವಂತರು ನವಣೆ ಉಣ್ಣುತ್ತಿದ್ದಾರೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಒಲೆಯ ಮೇಲೆ ಅಕ್ಕಿ ಹೆಚ್ಚು ಬೇಯುತ್ತಿದೆ. ಕನಕರ ನೆಲ್ಲಿನ ತರ್ಕ ಸತ್ಯವಾಗಿದ್ದರೆ ಅಕ್ಕಿ ಉಣ್ಣತೊಡಗಿದ ಬಡವನಿಗೆ ಈಗ ಗೌರವ ಸಿಗಬೇಕಿತ್ತು. ಸಿಕ್ಕಿತೆ? “ಸೊಸೈಟಿ ಅಕ್ಕಿ ತಿನ್ನೋರು” ಎಂಬ ಮಾತನ್ನು ನಾನು ನಮ್ಮವರ ಬಾಯಲ್ಲಿಯೇ ಕೇಳಿದ್ದೇನೆ. ಜೋಳ ಉಂಡಾಗ ಜೋಳ ಕೀಳು, ಅಕ್ಕಿ ಉಂಡಾಗ ಅಕ್ಕಿಯೇ ಕೀಳು. ತಿರಸ್ಕಾರ ಕಾಳನ್ನು ಬಿಟ್ಟು ಮನುಷ್ಯನ ಬೆನ್ನು ಹತ್ತಿ ನಡೆದಿದೆ. ಕನಕರು ನಾಲ್ಕು ಶತಮಾನಗಳ ಹಿಂದೆಯೇ ಕಂಡ ಈ ಸತ್ಯಕ್ಕೆ ನಮ್ಮ ಪೇಟೆಯೇ ಸಾಕ್ಷಿ.

ಸಿರಿಧಾನ್ಯ ವರ್ಷವೆನಿಸಿದ ಆ 2023ರಲ್ಲಿಯೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ನರೆದಲೆಗನ ಪ್ರಶ್ನೆ ಹಾಗೆ ಮತ್ತೊಮ್ಮೆ ನಮ್ಮ ಬಾಗಿಲಿಗೆ ಬಂದಿತ್ತು. ಮುಂದೆಯೂ ಬರುತ್ತದೆ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ನಮ್ಮ ಸಮಾಜ ಹಿಂದೆ ಬಿದ್ದಿಲ್ಲ. ಮುನಿಗಳಿಗೆ ಸಲ್ಲುವ ಪಾತ್ರದತ್ತಿಯಲ್ಲಿ ನಾವು ತೋರುವ ಶುದ್ಧಿ, ಶ್ರದ್ಧೆ ಪ್ರಶಂಸನೀಯ. ಆದರೆ ಆದಿಪುರಾಣ ದಯಾದತ್ತಿಯನ್ನೂ ಹೇಳಿದೆ. ನೊಂದ ಜೀವಿಗೆ ಕರುಣೆಯಿಂದ, ಅದರ ಭಯ ಕಳೆಯುವಂತೆ ಕೊಡುವುದು ಅದರ ಲಕ್ಷಣ. ನುಸಿ ಹಿಡಿದ ಚೀಲದಿಂದ ಅಳೆದು ಕೊಟ್ಟದ್ದು ದಾನದ ಲೆಕ್ಕಕ್ಕೆ ಸೇರೀತು, ದಯಾದತ್ತಿಯ ಲೆಕ್ಕಕ್ಕೆ ಸೇರದು.

ಆದುದರಿಂದ ನಮ್ಮ ಬಸದಿ, ಮಂದಿರಗಳ ವಿಶ್ವಸ್ತ ಮಂಡಳಿಗಳ ಮುಂದೆ ಎರಡು ಸಣ್ಣ ಬಿನ್ನಹಗಳನ್ನಿಡುತ್ತೇನೆ. ಒಂದು: ಉತ್ಸವದ ಊಟದಲ್ಲಿ ಪಾತ್ರೆ ತೊಳೆಯುವವರಿಗೆ, ಚೀಲ ಹೊರುವವರಿಗೆ ಬೇರೆ ಅಕ್ಕಿ, ಬೇರೆ ಹೊತ್ತು, ಬೇರೆ ಜಾಗ ಎಂಬ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಈ ವರ್ಷವೇ ನಿಲ್ಲಿಸಬೇಕು. ಎರಡು: ಸುಗ್ಗಿಯಲ್ಲಿ ಧಾರಣೆ ಇಳಿದಾಗ ಪ್ರತಿಯೊಂದು ಮಂಡಳಿಯೂ ಒಳ್ಳೆಯ ಬಿಳಿಜೋಳವನ್ನು ರೈತರಿಂದ ನ್ಯಾಯವಾದ ಬೆಲೆಗೆ ಕೊಂಡು ಜೋಪಾನವಾಗಿ ತೆಗೆದಿಡಬೇಕು, ಬರ ಬಂದ ವರ್ಷ ಅದು ಹಳ್ಳಿಯ ಮನೆಗಳಿಗೆ ಹೋಗಬೇಕು, ಬರದಿದ್ದರೆ ಅದನ್ನು ಮಾರಿ ಹೊಸ ಕಾಳು ತುಂಬಬೇಕು. ಇದಕ್ಕೆ ಬೇಕಾದ ತಿಳಿವಳಿಕೆ ವರ್ತಕರಾದ ನಮ್ಮ ಕೈಯಲ್ಲಿದೆ, ಗೋದಾಮೂ ನಮ್ಮದೇ.

ನಾಟಕ ಮುಗಿದ ಮೇಲೆ ಕಂಬಳಿ ಹೊದ್ದ ಆ ಹುಡುಗಿ ಪ್ರೇಕ್ಷಕರ ಕಡೆ ತಿರುಗಿ ಕೈಮುಗಿದು ನಿಂತಿದ್ದಳು. ಬರಗಾಲದಲ್ಲಿ ನೀನೆಲ್ಲಿದ್ದೆ ಎಂದು ಅವಳು ಕೇಳಿದ್ದು ಬಿಳಿಯ ಅಂಗಿಯ ಹುಡುಗನನ್ನು. ಉತ್ತರ ಕೊಡಬೇಕಾದವರು ಮುಂದಿನ ಸಾಲಿನಲ್ಲಿ ಕುಳಿತಿದ್ದೆವು.