ನೊರೆಯ ಚರಿತ್ರೆ



ಚರಿತ್ರೆಯ ಅಧ್ಯಾಪಕನಾದವನು ರಾಜ್ಯಗಳ ಏಳುಬೀಳುಗಳನ್ನು ಬದಿಗಿಟ್ಟು, ಗಡ್ಡಕ್ಕೆ ಹಚ್ಚುವ ಸಾಬೂನಿನ ನೊರೆಯನ್ನು ಕುರಿತು ಮಾತನಾಡಲು ಹೊರಟರೆ ತಮ್ಮಲ್ಲಿ ಕೆಲವರಿಗೆ ನಗು ಬಂದೀತು. ಬರಲಿ. ಈ ನೊರೆಯ ಹಿಂದೆ ಒಂದು ಮಹಾಯುದ್ಧವೂ, ಒಂದು ಸಂಸ್ಥಾನದ ಅರಣ್ಯಾದಾಯವೂ, ಎರಡು ಹೊಳೆಗಳ ನೀರೂ ಸೇರಿಕೊಂಡಿವೆಯೆಂಬುದು ನನಗೂ ಹೊಳೆದದ್ದು ಈಚೆಗೆ. ಅದೂ ರಾಜಾಜಿನಗರದ ನನ್ನ ಮನೆಯ ಬಚ್ಚಲಿನಲ್ಲಿ, ಎಷ್ಟು ತಿರುವಿದರೂ ನೊರೆಯೇಳದ ಕುಂಚವನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ.

ಸಾಬೂನು ಬರುವುದಕ್ಕೆ ಮುಂಚೆ ನಮ್ಮವರು ನೊರೆಯನ್ನು ಅರಿಯದವರೇನಲ್ಲ. ಅಂಟುವಾಳ, ಸೀಗೆಕಾಯಿಗಳ ನೊರೆ ಪ್ರತಿಯೊಂದು ಮನೆಗೂ ಪರಿಚಿತವಾಗಿದ್ದಿತು. ಅಗಸರಿಗೆ ಚೌಳುಮಣ್ಣು ಇದ್ದಿತು. ಆದರೆ ಕ್ಷೌರಕ್ಕೆ ಇವಾವುವೂ ಬೇಕಾಗಿರಲಿಲ್ಲ. ಕ್ಷೌರಿಕನು ಬಟ್ಟಲಿನ ನೀರಿನಲ್ಲಿ ಬೆರಳದ್ದಿ ಗಲ್ಲವನ್ನು ತಿಕ್ಕುತ್ತಿದ್ದನು. ಊರಿನ ಸಮಾಚಾರವನ್ನೆಲ್ಲ ಹೇಳಿ ಮುಗಿಸುವವರೆಗೂ ತಿಕ್ಕುತ್ತಿದ್ದನು. ಆ ಮಾತು ಕಾಲಹರಣವೆಂದು ತಿಳಿಯಬಾರದು. ಕೂದಲು ನೀರನ್ನು ಕುಡಿದು ಮೆತ್ತಗಾಗಲು ಎರಡು ಮೂರು ನಿಮಿಷಗಳಾದರೂ ಬೇಕು. ನೆನೆದ ಕೂದಲು ಒಣಕೂದಲಿಗಿಂತ ಎಷ್ಟೋ ಸುಲಭವಾಗಿ ಅಲಗಿಗೆ ಒಗ್ಗುತ್ತದೆ. ನೊರೆಯು ಮಾಡುವ ಕೆಲಸವೂ ಇದೇ: ನೀರನ್ನು ಕೂದಲಿನ ಬುಡದಲ್ಲಿ ಹರಿದುಹೋಗದಂತೆ ಹಿಡಿದಿಡುವುದು, ಕತ್ತಿಯು ಚರ್ಮದ ಮೇಲೆ ಜಾರುವಂತೆ ಮಾಡುವುದು. ನೊರೆಯೆಂದರೆ ನಿಂತ ನೀರು, ಉಳಿದುದೆಲ್ಲ ಅಲಂಕಾರ.

ಬೆಂಗಳೂರಿನಲ್ಲಿ ಸಾಬೂನೆಂದ ಕೂಡಲೇ ನೆನಪಿಗೆ ಬರುವುದು ಶ್ರೀಗಂಧ. ಮೈಸೂರು ಸಂಸ್ಥಾನವು ತನ್ನ ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿದ್ದಿತು. ಅದರಲ್ಲಿ ಬಹುಭಾಗ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದಿತು. 1914ರಲ್ಲಿ ಯುದ್ಧ ಹತ್ತಿಕೊಂಡಾಗ ಆ ದಾರಿ ಮುಚ್ಚಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದಲ್ಲಿ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು, ಕೈಗಾರಿಕೆಯ ಇಲಾಖೆಯಲ್ಲಿದ್ದವರು ಆಲ್ಫ್ರೆಡ್ ಚಾಟರ್ಟನ್. ಊರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಸಡ್ಬರೋ ಮತ್ತು ವಾಟ್ಸನ್ ಎಂಬ ಪಂಡಿತರು ಎಣ್ಣೆ ಇಳಿಸುವ ಕ್ರಮವನ್ನು ಪರೀಕ್ಷಿಸಿ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳಾದುವು. ಆ ಎಣ್ಣೆಗೆ ಮನೆಯಲ್ಲಿಯೇ ಒಂದು ಬಳಕೆ ಬೇಕೆಂದು 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿತು. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತುಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದರ ಶಿಲ್ಪಿಗಳು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲೋಕದಲ್ಲಿ ಸಾಮಾನ್ಯವಾಗಿ ಸಾಬೂನಿಗಾಗಿ ಸುಗಂಧವನ್ನು ಹುಡುಕುತ್ತಾರೆ. ನಮ್ಮಲ್ಲಿ ಸುಗಂಧಕ್ಕಾಗಿ ಸಾಬೂನನ್ನು ಹುಡುಕಿದರು. ಮೈಸೂರಿನ ಸಾಬೂನು ಮೂಗಿಗೆ ಹುಟ್ಟಿದ್ದೇ ಹೊರತು ಗಡ್ಡಕ್ಕಲ್ಲ. ಆ ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದಿತು; 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸಂಸ್ಥೆಯಾಯಿತು; 2014ರಿಂದ ಆ ದಾರಿಯಲ್ಲಿ ಓಡುತ್ತಿರುವ ಮೆಟ್ರೋ ರೈಲಿನ ಒಂದು ನಿಲ್ದಾಣಕ್ಕೆ ಅದರದೇ ಹೆಸರು. ಸ್ನಾನದ ಬಿಲ್ಲೆಯನ್ನು ಗಲ್ಲಕ್ಕೆ ಉಜ್ಜಿ ಕತ್ತಿ ಹಿಡಿಯುವವರು ಅದೇ ಬೀದಿಗಳಲ್ಲಿ ಈಗಲೂ ಉಂಟು. ನಾನೂ ಬಹಳ ಕಾಲ ಅವರಲ್ಲೊಬ್ಬನಾಗಿದ್ದೆನು.

ಸ್ನಾನದ ಸಾಬೂನಿಗೂ ಕ್ಷೌರದ ಸಾಬೂನಿಗೂ ಭೇದವೇನು? ಕೊಬ್ಬು ಅಥವಾ ಎಣ್ಣೆ ಕ್ಷಾರದೊಡನೆ ಸೇರಿದರೆ ಸಾಬೂನು. ಕ್ಷಾರವು ಸೋಡಿಯಂ ಆದರೆ ಬಿಲ್ಲೆ ಗಟ್ಟಿ, ಪೊಟ್ಯಾಸಿಯಂ ಆದರೆ ಮೃದು. ಕ್ಷೌರದ ಸಾಬೂನಿನಲ್ಲಿ ಇವೆರಡನ್ನೂ ಬೆರೆಸುವುದು ವಾಡಿಕೆ. ಕೊಬ್ಬರಿ ಎಣ್ಣೆಯಿಂದ ನೊರೆ ಬೇಗನೆ ಏಳುತ್ತದೆ, ಗುಳ್ಳೆಗಳು ದೊಡ್ಡವು, ಅಷ್ಟೇ ಬೇಗನೆ ಒಡೆಯುತ್ತವೆ. ಸ್ಟಿಯರಿಕ್ ಆಮ್ಲ ಹೆಚ್ಚಾಗಿದ್ದರೆ ನೊರೆ ತಡವಾಗಿ ಬಂದರೂ ಬೆಣ್ಣೆಯಂತೆ ಒತ್ತಾಗಿ ನಿಲ್ಲುತ್ತದೆ. ಕೊಬ್ಬುಗಳ ಒಳಗನ್ನು ಬಿಡಿಸಿ ತೋರಿಸಿದವನು ಷೆವ್ರೆಲ್ ಎಂಬ ಫ್ರೆಂಚ್ ವಿದ್ವಾಂಸ. ಅವನ ಗ್ರಂಥ 1823ರದು. ಈ ಆಮ್ಲಕ್ಕೆ ಯೂರೋಪಿನವರು ನೆಚ್ಚಿದ್ದು ದನದ ಕೊಬ್ಬನ್ನು. ನಮ್ಮ ಎಷ್ಟೋ ಮನೆಗಳ ಹಿರಿಯರು ವಿಲಾಯಿತಿ ಸಾಬೂನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದುದಕ್ಕೆ ಬೇರೆ ಕಾರಣ ಬೇಕಾಗಿಲ್ಲ. 1902ರಲ್ಲಿ ನಾರ್ಮನ್ ಎಂಬ ಜರ್ಮನನು ಎಣ್ಣೆಯನ್ನು ಜಲಜನಕದಿಂದ ಗಟ್ಟಿಗೊಳಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿಂದ ಮುಂದೆ ಸಸ್ಯದ ಎಣ್ಣೆಯಿಂದಲೂ ಅದೇ ಆಮ್ಲ ದೊರೆಯುವಂತಾಯಿತು.

ಅಷ್ಟರಲ್ಲಿ ಕತ್ತಿಯೂ ಕೈ ಬದಲಾಯಿಸಿತು. ಜಿಲೆಟ್ ಎಂಬ ಅಮೆರಿಕದವನ ಬ್ಲೇಡು 1903ರಲ್ಲಿ ಅಂಗಡಿಗೆ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸರ್ಕಾರವೇ ಅದನ್ನು ಹಂಚಿತು. ಕಾಲಕ್ರಮದಲ್ಲಿ ನಮ್ಮ ಗುಮಾಸ್ತರೂ ಮೇಷ್ಟರೂ ವಕೀಲರೂ ತಮ್ಮ ಗಡ್ಡವನ್ನು ತಾವೇ ತೆಗೆಯಲು ಕಲಿತರು. ಆಯುಷ್ಕರ್ಮ ಶಾಲೆಯಿಂದ ಬ್ಲೇಡು ಮನೆಗೆ ಬಂದಿತು, ಕುಂಚ ಬಂದಿತು, ಕನ್ನಡಿ ಬಂದಿತು. ಆ ಎರಡು ಮೂರು ನಿಮಿಷಗಳು ಮಾತ್ರ ಬರಲಿಲ್ಲ. ಕ್ಷೌರಿಕನ ವಿದ್ಯೆ ಕತ್ತಿಯಲ್ಲಿದೆಯೆಂದು ನಾವು ಎಣಿಸಿದೆವು. ಅದು ಬಹುಮಟ್ಟಿಗೆ ಕತ್ತಿಗೆ ಮುಂಚಿನ ತಾಳ್ಮೆಯಲ್ಲಿದ್ದಿತು.

ಇನ್ನು ನನ್ನ ಬಚ್ಚಲಿಗೆ ಹಿಂದಿರುಗುತ್ತೇನೆ. ಸಾಬೂನು ಒಳ್ಳೆಯದೇ, ಕುಂಚವೂ ಒಳ್ಳೆಯದೇ. ನೊರೆಯ ಬದಲು ಬಿಳಿಯ ಮಡ್ಡಿ. ಬಸವೇಶ್ವರನಗರದ ಒಂದು ಕ್ಷೌರದ ಅಂಗಡಿಯ ಹಿರಿಯರಲ್ಲಿ ಇದನ್ನು ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಸ್ವಾಮಿ, ಮನೆಗೆ ಯಾವ ನೀರು?” ಕೊಳವೆಬಾವಿಯ ನೀರೆಂದೆ. ಅವರು ನಕ್ಕರು. ಗಡಸುನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ಸಾಬೂನನ್ನು ಹಿಡಿದು ಕರಗದ ಮಡ್ಡಿಯನ್ನಾಗಿ ಮಾಡುತ್ತದೆ. ಅದರ ಹಸಿವು ತೀರಿದ ಮೇಲೆಯೇ ನೊರೆಗೆ ಪಾಲು. ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪದರ ಇದೇ ಸುಣ್ಣ. ಅಂಟುವಾಳಕ್ಕೆ ಈ ತೊಂದರೆಯಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಅದರ ನೊರೆ ಬೇರೆ ಜಾತಿಯದು.

ಬೆಂಗಳೂರಿನ ಪೂರ್ವಿಕರು ಕೆರೆಬಾವಿಗಳ ನೀರಿನಲ್ಲಿ ಬದುಕಿದರು. 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂದಿತು. 1933ರಲ್ಲಿ ಅದೇ ನದಿಗೆ ಮಾಗಡಿ ರಸ್ತೆಯ ಆಚೆ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರವಾಯಿತು. 1974ರಲ್ಲಿ ಕಾವೇರಿ ಬಂದಳು. ಹೊಳೆಯ ನೀರು ನಲ್ಲಿಯಲ್ಲಿ ಬರುವ ದಿನ ನೊರೆ ಒಂದು ಬಗೆ, ಕೊಳವೆಬಾವಿಯ ದಿನ ಇನ್ನೊಂದು ಬಗೆ. ವಿಜಯನಗರದ, ಕೆಂಗೇರಿಯ ಗೃಹಸ್ಥರು ಯಾವ ಪ್ರಯೋಗಶಾಲೆಯ ಸಹಾಯವೂ ಇಲ್ಲದೆ ತಮ್ಮ ಕುಂಚದಿಂದಲೇ ಇದನ್ನು ಪರೀಕ್ಷಿಸಿಕೊಳ್ಳಬಹುದು.

ಆ ಹಿರಿಯರು ಕೈಯಿಂದ ಮಾಡಿ ತೋರಿಸಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ. ಮೊದಲು ಮುಖವನ್ನು ಬೆಚ್ಚನೆಯ ನೀರಿನಿಂದ ಚೆನ್ನಾಗಿ ನೆನೆಸಿದರು. ಕುದಿಸಿ ಆರಿಸಿದ ನೀರಿನಲ್ಲಿ ಕುಂಚವನ್ನು ನೆನೆಯಿಟ್ಟು, ಹೆಚ್ಚಿನ ನೀರನ್ನು ಒದರಿ, ಅರ್ಧ ನಿಮಿಷದಷ್ಟು ಕಾಲ ಅದನ್ನು ಸಾಬೂನಿನ ಮೇಲೆ ತಿರುವಿದರು. ಬಟ್ಟಲಿನಲ್ಲಿ ಬಂದದ್ದು ಮೊದಲು ಒಣ ಹಿಟ್ಟಿನಂಥ ಮುದ್ದೆ. ಆಗ ಬೆರಳ ತುದಿಯಿಂದ ಒಂದೊಂದೇ ತೊಟ್ಟು ನೀರು. ಪ್ರತಿ ತೊಟ್ಟಿಗೂ ಮತ್ತೆ ತಿರುವು. ದೊಡ್ಡ ಗುಳ್ಳೆಗಳು ಸತ್ತು, ಮೈ ನುಣುಪಾಗಿ ಹೊಳೆಯತೊಡಗಿದಾಗ ನಿಲ್ಲಿಸಿದರು. ನೀರನ್ನು ಒಮ್ಮೆಗೇ ಸುರಿದದ್ದೇ ಇಷ್ಟು ವರ್ಷ ನಾನು ಮಾಡಿದ ತಪ್ಪೆಂದು ಆಗ ತಿಳಿಯಿತು.

ಕಳೆದ ಮುಂಗಾರಿನಲ್ಲಿ ಮಹಡಿಯ ಮೇಲೆ ಒಂದು ಪಾತ್ರೆಯನ್ನಿಟ್ಟು ಮಳೆಯ ನೀರನ್ನು ಹಿಡಿದೆನು. ಅದೇ ಸಾಬೂನು, ಅದೇ ಕುಂಚ. ನೊರೆಯನ್ನು ಕಂಡು ಮನೆಯಲ್ಲಿ ಮೊಸರು ಕಡೆದಿರಾ ಎಂದು ಕೇಳಿದರು.