ಬಾದಾಮಿ ಕೋಟೆ: ಶಾಸನದಷ್ಟೇ ಹಳೆಯದಾ ಗೋಡೆ?

ಬಾದಾಮಿಯ ಉತ್ತರ ಬೆಟ್ಟದ ಕೋಟೆಗೋಡೆಯ ಫೋಟೊ ಹಾಕಿ, ಕೆಳಗೆ ‘ಪುಲಕೇಶಿ ಕಟ್ಟಿಸಿದ ಕೋಟೆ, ಕ್ರಿ.ಶ. 543’ ಅಂತ ಬರೆಯೋದು ಈಗ ರೂಢಿಯಾಗಿದೆ. ಆ ವರ್ಷಕ್ಕೆ ಶಾಸನದ ಆಧಾರವಿದೆ, ನಿಜ. ಆದರೆ ಫೋಟೊದಲ್ಲಿ ಕಾಣುವ ಗೋಡೆ ಆ ವರ್ಷದ್ದೇನಾ?

ಮೊದಲು ಶಾಸನ ನೋಡೋಣ. ಆರ್. ಎಸ್. ಪಂಚಮುಖಿ ಅವರು ಪ್ರಕಟಿಸಿದ ಈ ಸಂಸ್ಕೃತ ಬಂಡೆಶಾಸನದ ಕಾಲ ಶಕವರ್ಷ 465, ಅಂದರೆ ಕ್ರಿ.ಶ. 543. ತೇದಿಯುಳ್ಳ ಚಾಲುಕ್ಯ ಶಾಸನಗಳಲ್ಲಿ ಇದೇ ಅತಿ ಹಳೆಯದು. ಪುಲಕೇಶಿ ಎಂಬ ಹೆಸರು ಇದರಲ್ಲಿಲ್ಲ. ‘ಚಲಿಕ್ಯ ವಲ್ಲಭೇಶ್ವರ’ ಎಂದಿದೆ. ಆತನೇ ಒಂದನೇ ಪುಲಕೇಶಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಶ್ವಮೇಧ ಮುಂತಾದ ಯಜ್ಞ ಮಾಡಿದ ಈ ಅರಸ ವಾತಾಪಿಯ ಬೆಟ್ಟವನ್ನು ಕೆಳಗಿನಿಂದಲೂ ಮೇಲಿನಿಂದಲೂ ದುರ್ಗವಾಗಿಸಿದ ಎಂಬುದು ಶಾಸನದ ತಿರುಳು.

ಗಮನಿಸಿ, ದುರ್ಗವಾದದ್ದು ಬೆಟ್ಟ. ಬಾದಾಮಿಯ ಕಡಿದಾದ ಕೆಂಪು ಮರಳುಗಲ್ಲಿನ ಬಂಡೆಗಳೇ ಅರ್ಧ ಕೋಟೆ. ಬಂಡೆಗಳ ನಡುವಿನ ಸಂದು ಮುಚ್ಚಿ, ಹತ್ತುವ ದಾರಿಗೆ ಕಾವಲಿಟ್ಟರೂ ಬೆಟ್ಟ ದುರ್ಗವಾಗುತ್ತದೆ. ಎಲ್ಲಿ, ಎಷ್ಟು ಉದ್ದದ ಗೋಡೆ ಎಂದು ಶಾಸನ ಹೇಳುವುದಿಲ್ಲ.

ಆಮೇಲೆ ಇಲ್ಲಿ ಏನೇನಾಯ್ತು? ಸುಮಾರು 642ರಲ್ಲಿ ಪಲ್ಲವ ಒಂದನೇ ನರಸಿಂಹವರ್ಮ ವಾತಾಪಿಯನ್ನು ಗೆದ್ದು, ಇಲ್ಲಿನ ಬಂಡೆಯ ಮೇಲೆಯೇ ತನ್ನ ಶಾಸನ ಹಾಕಿಸಿದ. ವಿಜಯನಗರದ ಒಂದನೇ ಹರಿಹರನ ಕಾಲದ 1340ರ ಶಾಸನವು ಚಾಮೆಯ ನಾಯಕ ಬಾದಾಮಿಯ ಕೋಟೆ ಕಟ್ಟಿಸಿದ ಎನ್ನುತ್ತದೆ. 1786ರಲ್ಲಿ ಟಿಪ್ಪುವಿನ ಸೈನ್ಯವಿದ್ದ ಕೋಟೆಗೆ ಮರಾಠರೂ ನಿಜಾಮನೂ ಮುತ್ತಿಗೆ ಹಾಕಿದರು. ಮೇಲಿನ ಗೋಡೆಗಳಲ್ಲಿರುವ ಬಂದೂಕಿನ ಕಿಂಡಿಗಳು ಆರನೇ ಶತಮಾನದವು ಆಗಿರಲು ಸಾಧ್ಯವೇ ಇಲ್ಲ, ಅಲ್ವಾ?

ಹಾಗಾದರೆ ಗೋಡೆಯ ಕಾಲ ತಿಳಿಯೋದು ಹೇಗೆ? ಉತ್ತರ ಅದರ ಪಾಯದಲ್ಲಿದೆ. ಪಾಯ ತೋಡಿದ ಗುಂಡಿಯಲ್ಲಿ, ಗೋಡೆಯ ಅಡಿಯ ಕದಡದ ಮಣ್ಣಿನಲ್ಲಿ ವಿಜಯನಗರದ ನಾಣ್ಯ ಸಿಕ್ಕಿತು ಅಂದ್ಕೊಳ್ಳಿ. ಆ ಭಾಗ ನಾಣ್ಯಕ್ಕಿಂತ ಹಳೆಯದಾಗಿರಲಾರದು. ಮಡಕೆ ಚೂರುಗಳೂ ಹೀಗೆಯೇ ಸಾಕ್ಷಿ ಹೇಳುತ್ತವೆ. ಆದರೆ ಬರೀ ಬಂಡೆಯ ಮೇಲೆ ನಿಂತ ಗೋಡೆಯ ಕೆಳಗೆ ಇಂಥ ಮಣ್ಣು ಉಳಿಯುವುದೇ ಕಡಿಮೆ; ಸಂದುಗಳಲ್ಲಿ, ಬಾಗಿಲ ಬುಡದಲ್ಲಿ ಒಂದಿಷ್ಟು ಇರಬಹುದು. ಸ್ವಚ್ಛತೆ, ದುರಸ್ತಿ ಅಂತ ದಾಖಲಿಸದೆ ಅದನ್ನು ಬಾಚಿ ಹಾಕಿದರೆ, ಪದರುಗಳನ್ನು ಮತ್ತೆ ಜೋಡಿಸಲು ಬರುವುದಿಲ್ಲ.

ಆದ್ದರಿಂದ ಮುಂದಿನ ಸಲ ಫೋಟೊ ಹಾಕುವಾಗ ‘543ರಿಂದ ದುರ್ಗ; ಗೋಡೆಗಳು ಹಲವು ಕಾಲದವು’ ಅಂತ ಬರೆಯಿರಿ. ಶಾಸನಕ್ಕೂ ಅದರಿಂದ ಅನ್ಯಾಯವಾಗೋದಿಲ್ಲ, ಚಾಮೆಯ ನಾಯಕನಿಗೂ ಆಗೋದಿಲ್ಲ.