ಹಾಲಿನ ಪಾಕೀಟು, ಪ್ಲಾಸ್ಮಾ ಮತ್ತು ಕಾಕಾನ ಕೈ

ತಡಸ ಕ್ರಾಸಿನಲ್ಲಿ ನಮ್ಮ ಕಾಕಾ ಮಿರ್ಚಿ ಭಜಿ ಅಂಗಡಿ ಇಟ್ಟಿದ್ದರು. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಒಂದು ಸಂಜೆ ಕಾದ ಎಣ್ಣೆ ಅವರ ಕೈಮೇಲೆ ಚೆಲ್ಲಿತು. ಹುಬ್ಬಳ್ಳಿಯಲ್ಲಿ ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. "ಒಂದ್ ಗಾಯ ಮಾಯ್ಸಾಕ ಇನ್ನೊಂದ್ ಗಾಯ ಮಾಡ್ಯಾರಲ್ಲೋ ತಮ್ಮಾ, ಚರ್ಮಾ ಬ್ಯಾರೆ ಕಡೆ ಬೆಳ್ಸಾಕ ಬರಂಗಿಲ್ಲೇನು?" ಅಂತ ಕೇಳಿದ್ದರು.

ಆಗ ಉತ್ತರ ಗೊತ್ತಿರಲಿಲ್ಲ. (ಈಗಲೂ ನಾನು ಕೋಡ್ ಬರೆಯೋನು, ಡಾಕ್ಟರಲ್ಲ.) ಆದರೆ ಅರ್ಧ ಉತ್ತರ ಅವರ ಅಂಗಡಿಯ ಹಾಲಿನ ಪಾಕೀಟಿನ ಮೇಲೇ ಇತ್ತು ನೋಡಿ!

ಪಾಲಿಥೀನ್ ಮೇಲೆ ಶಾಯಿ ನಿಲ್ಲುವುದಿಲ್ಲ. 1950ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ವರ್ನರ್ ಐಸ್ಬಿ ಇದಕ್ಕೊಂದು ಉಪಾಯ ಹುಡುಕಿದ. ಹೆಚ್ಚು ವೋಲ್ಟೇಜಿನ ವಿದ್ಯುತ್ ಹರಿಯುವ ಗಾಳಿಯ ಕೆಳಗೆ ಹಾಳೆಯನ್ನು ಓಡಿಸಿದರೆ ಮೇಲ್ಮೈಗೆ ಆಮ್ಲಜನಕ ಅಂಟಿಕೊಳ್ಳುತ್ತದೆ, ಶಾಯಿ ಹಿಡಿಯುತ್ತದೆ. ಇದಕ್ಕೆ ಕೊರೋನಾ ಟ್ರೀಟ್‌ಮೆಂಟ್ ಅಂತಾರೆ. ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ :-) ಆ ಗಾಳಿಯೇ ಪ್ಲಾಸ್ಮಾ. 1879ರಲ್ಲಿ ಕ್ರೂಕ್ಸ್ ಇದನ್ನು ದ್ರವ್ಯದ ನಾಲ್ಕನೇ ಸ್ಥಿತಿ ಅಂದ, 1928ರಲ್ಲಿ ಲ್ಯಾಂಗ್‌ಮ್ಯೂರ್ ಹೆಸರಿಟ್ಟ.

ಜೀವಕೋಶಗಳು ಶಾಯಿಗಿಂತ ಹಟಮಾರಿ. ಗಾಜಿನ ತಟ್ಟೆ ಹೋಗಿ ಪಾಲಿಸ್ಟೈರೀನ್ ತಟ್ಟೆ ಬಂದಾಗ ಅವು ಅಂಟಿಕೊಳ್ಳಲಿಲ್ಲ. ಅಲ್ಲಿಯೂ ಇದೇ ಉಪಾಯ ಕೆಲಸ ಮಾಡಿತು. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಮನುಷ್ಯನ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ತೋರಿಸಿದರು. ಅಂದರೆ ಕಾಕಾ ಕೇಳಿದ್ದು ಹುಚ್ಚು ಪ್ರಶ್ನೆ ಏನಲ್ಲ.

ಆದರೆ ತಟ್ಟೆಯನ್ನು ಕೈಗೆ ಹೊಲಿಯೋಕಾಗಲ್ಲ. ಕೋಶ ಬೆಳೆದ ಮೇಲೆ ತಾನೇ ಕರಗಿ ಹೋಗುವ ಹಾಳೆ ಬೇಕು. ಕರಗುವ ಕೃತಕ ಹೊಲಿಗೆ ದಾರ 1970ರ ಸುಮಾರಿಗೇ ಮಾರುಕಟ್ಟೆಗೆ ಬಂದಿತ್ತು. 1993ರಲ್ಲಿ ಲ್ಯಾಂಗರ್ ಮತ್ತು ವಕಾಂಟಿ 'ಸೈನ್ಸ್' ಪತ್ರಿಕೆಯಲ್ಲಿ ಅಂಗಾಂಶ ಬೆಳೆಸುವ ಬಗ್ಗೆ ಬರೆದ ಮೇಲೆ ಪಾಲಿಲ್ಯಾಕ್ಟಿಕ್ ಆಸಿಡ್, ಪಾಲಿಕ್ಯಾಪ್ರೊಲ್ಯಾಕ್ಟೋನ್ ಹಾಳೆಗಳ ಮೇಲೆ ಪ್ರಯೋಗ ಜೋರಾಯಿತು. ತೊಂದರೆ ಹಳೆಯದೇ, ಇವೂ ನೀರನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ಕೆಸುವಿನೆಲೆಯಷ್ಟಲ್ಲದಿದ್ದರೂ ಹನಿ ಉಬ್ಬಿಕೊಂಡೇ ಕೂರುತ್ತದೆ.

ಬಿಸಿ ಮಾಡಿ ಸರಿಪಡಿಸೋಣವೆಂದರೆ ಒಂದು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಇನ್ನೊಂದು ಕರಗಿಯೇ ಹೋಗುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಕಡಿಮೆ ಒತ್ತಡದ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳಿಗೆ ಸಾವಿರಾರು ಡಿಗ್ರಿಗೆ ಸಮನಾದ ಶಕ್ತಿ, ಅನಿಲ ಮಾತ್ರ ಹೆಚ್ಚುಕಡಿಮೆ ತಣ್ಣಗೇ! ಆಮ್ಲಜನಕ ಅಥವಾ ಅಮೋನಿಯಾ ತುಂಬಿ ಸ್ವಲ್ಪ ಹೊತ್ತು ಇಟ್ಟರೆ ಮೇಲಿನ ಕೆಲವೇ ನ್ಯಾನೋಮೀಟರ್ ಬದಲಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಆಮೇಲೆ ಪ್ರೋಟೀನು ಸರಿಯಾಗಿ ಕೂರುತ್ತದೆ, ಅದನ್ನು ಹಿಡಿದು ಕೋಶ ಕಾಲೂರುತ್ತದೆ. ಹೆಚ್ಚು ಹೊತ್ತು ಇಟ್ಟರೆ ಹಾಳೆಯೇ ಸವೆಯುತ್ತದೆ. ಸುಮ್ಮನೆ ಗಾಳಿಯಲ್ಲಿ ಬಿಟ್ಟರೆ ಅಣುಸರಪಳಿಗಳು ಮಗ್ಗುಲು ಬದಲಿಸಿ, ದಿನ ಕಳೆದಂತೆ ಮಾಡಿದ ಕೆಲಸದ ಒಂದಷ್ಟು ಭಾಗ ಹಾಳು.

ಕರಗುವ ಪಾಲಿಮರ್ ಅಂದರೆ ನಮಗೆ ದೂರದ್ದೇನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮಿನಭಾವಿ ಮತ್ತು ಸಂಗಡಿಗರು 2001ರಲ್ಲಿ ಇಂಥ ಪಾಲಿಮರ್ ಕಣಗಳಲ್ಲಿ ಔಷಧ ಸಾಗಿಸುವ ಬಗ್ಗೆ ಬರೆದ ಲೇಖನವನ್ನು ಜಗತ್ತಿನಲ್ಲಿ ಸಾವಿರಾರು ಜನ ಉಲ್ಲೇಖಿಸಿದ್ದಾರೆ. ಅದು ಪ್ಲಾಸ್ಮಾ ಅಲ್ಲ, ಆದರೆ ಕಾಕಾನ ಅಂಗಡಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ.

ಹೋದ ದೀಪಾವಳಿಗೆ ಇಷ್ಟನ್ನೂ ಕಾಕಾಗೆ ಹೇಳಿದೆ. ಪಾಕೀಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಂದ್ರ ನನ್ನಂಥಾವ್ರಿಗೆ ಅದು ಇನ್ನೂ ಬಂದಿಲ್ಲ?"

"ನಮ್ ಕಡೆ ಆಸ್ಪತ್ರ್ಯಾಗ ನಾನಂತೂ ನೋಡಿಲ್ಲ ಕಾಕಾ" ಅಂದೆ. ಹೂಂ ಅಂದು ಅದೇ ಕೈಯಲ್ಲಿ ಚಹಾಕ್ಕೆ ಹಾಲು ಸುರಿದರು.